ಇಳಿದವರ ಹಲಗೆ

ನಮ್ಮ ಅಂಚೆ ಕಚೇರಿಯ ವಿಂಗಡಣೆ ಕೋಣೆಯಲ್ಲಿ, ಚೀಲಗಳನ್ನು ನೇತುಹಾಕುವ ಕೊಕ್ಕೆಗಳ ಪಕ್ಕದಲ್ಲಿ, ಒಂದು ಕಪ್ಪು ಹಲಗೆ ಇದೆ. ಅದರ ಮೇಲೆ ಟಪಾಲು ಹಂಚುವ ನಮ್ಮೆಲ್ಲರ ಹೆಸರುಗಳು. ಏರುರಸ್ತೆಯಲ್ಲಿ ತುಳಿಯಲಾರದೆ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋದವರ ಹೆಸರಿನ ಮುಂದೆ ಸೀಮೆಸುಣ್ಣದಲ್ಲಿ ಒಂದು ಗೆರೆ ಬೀಳುತ್ತದೆ. ಇಳಿದವರ ಹಲಗೆ ಅಂತಲೇ ಅದಕ್ಕೆ ಹೆಸರು. ತಳ್ಳಿಕೊಂಡು ಹೋದರೆ ಕಾಗದ ತಡವಾಗಿ ತಲುಪುತ್ತದೆ, ಅದಕ್ಕೇ ಈ ಏರ್ಪಾಡು ಎಂದು ಹೊಸಬರಿಗೆ ಹೇಳುತ್ತೇವೆ. ನಿಜವಾದ ಕಾರಣ ಅದಲ್ಲ, ಜಂಬ. ಬೇರೆ ಕಚೇರಿಯವರು ನಮ್ಮನ್ನು ಕಂಡರೆ ನಗುತ್ತಾರೆ. ನಗಲಿ, ಅವರು ಟಪಾಲು ಹಂಚುವ ಬೀಟುಗಳೆಲ್ಲ ಅಂಗೈಯಷ್ಟು ಸಮತಟ್ಟು.

ಇಪ್ಪತ್ತಾರು ವರ್ಷದಲ್ಲಿ ನನ್ನ ಹೆಸರಿನ ಮುಂದೆ ಒಂದು ಗೆರೆಯೂ ಬಿದ್ದಿರಲಿಲ್ಲ. ಇದನ್ನು ನಾನು ದಿನಕ್ಕೆ ಒಂದು ಸಲವಾದರೂ ಯಾರಿಗಾದರೂ ನೆನಪಿಸುತ್ತಿದ್ದೆ. ಪಾರ್ಸೆಲ್ ವಿಭಾಗದಲ್ಲಿ ನಾವು ಮೀಸೆ ಎಂದು ಕರೆಯುವವನಿಗೆ ಹನ್ನೊಂದು ಗೆರೆ. ಅವನು ಏರು ಹತ್ತುವುದು ಮೆಟ್ಟಿಲ ಮೇಲೆ ಬೀರು ಸಾಗಿಸಿದ ಹಾಗೆ ಎಂದು ನಾನು ಒಮ್ಮೆ ಹೇಳಿದ್ದೆ. ಆ ಮಾತು ಎಷ್ಟು ಓಡಾಡಿತೆಂದರೆ, ಅವನ ಮನೆಯವರೂ ಅವನನ್ನು ಬೀರು ಎಂದು ಕರೆಯತೊಡಗಿದರು. ನನಗೆ ಪಶ್ಚಾತ್ತಾಪ ಆಗಲಿಲ್ಲ. ಏರು ಹತ್ತಲಾರದವನಿಗೆ ಹೆಸರೇನು ಕೇಡು ಎಂದುಕೊಂಡೆ.

ಏರಿನ ಮಧ್ಯದಲ್ಲಿ, ರಸ್ತೆ ಎಡಕ್ಕೆ ಹೊರಳುವ ಕಡೆ, ಒಬ್ಬ ದರ್ಜಿಯ ಅಂಗಡಿ. ಕಿಟಕಿಗೆ ಹೊಲಿಗೆ ಯಂತ್ರ ಹಾಕಿಕೊಂಡು ಕೂರುತ್ತಾನೆ. ಕಿಟಕಿಯಾಚೆ ನಮ್ಮ ನೀಲಿ ಅಂಗಿ ಸೈಕಲ್ ತಳ್ಳುತ್ತಾ ಹೋದರೆ ಸಾಕು, ತಕ್ಷಣ ಕಚೇರಿಗೆ ಫೋನು. ಇದಕ್ಕೆ ಅವನಿಗೆ ಯಾರೂ ಸಂಬಳ ಕೊಡುವುದಿಲ್ಲ. ಊರವರ ಸೊಂಟದ ಅಳತೆ ತೆಗೆಯುವವನಿಗೆ ನಮ್ಮ ಕಾಲಿನ ಅಳತೆ ತೆಗೆಯುವುದು ಮೋಜು.

ಆ ಏರಿನ ಮೇಲೆ ಎರಡು ಬೀಟು. ಬಲಗಡೆಯ ಮನೆಗಳು ನನ್ನವು, ಎಡಗಡೆಯವು ನನ್ನ ತಮ್ಮನವು. ಕಳೆದ ವರ್ಷ ತಮ್ಮನ ಸೊಂಟ ಕೈಕೊಟ್ಟಿತು. ಈಗ ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ, ಅಷ್ಟೇ ಅವನ ಬೀಟು. ಮನೆಯವರಲ್ಲಿ ಒಬ್ಬರಿಗೆ ಆ ಕೆಲಸ ಕೊಡುತ್ತೇವೆ, ಒಂದು ತಿಂಗಳು ನೋಡುತ್ತೇವೆ ಎಂದರು ಮೇಲಿನವರು. ಆ ತಿಂಗಳಲ್ಲಿ ಹಲಗೆಯ ಮೇಲೆ ಮೂರು ಗೆರೆ ಬಿದ್ದರೆ ಕೆಲಸ ಇಲ್ಲ. ಮನೆಯವರೆಂದರೆ ಇನ್ಯಾರು, ಅವನ ಹೆಂಡತಿ. ಅವಳಿಗೆ ಈ ಕೆಲಸ ಸಿಗದಿದ್ದರೆ ಆ ಮನೆಗೆ ಬೇರೆ ದಾರಿ ಇರಲಿಲ್ಲ. ಅವಳಿಗೆ ಕಲಿಸುವ ಹೊಣೆ ನನ್ನ ತಲೆಗೆ ಕಟ್ಟಿದರು.

ಹೋಗಲಿ, ಮೊದಲು ತರಬೇತುದಾರನ ಕಥೆ ಹೇಳಿಬಿಡುತ್ತೇನೆ. ಅವಳು ಸೇರಿದ ಮೊದಲ ವಾರವೇ ಮುಖ್ಯ ಕಚೇರಿಯಿಂದ ಒಬ್ಬ ಬಂದ. ಅನುಭವ ಕಡಿಮೆ ಇರುವ ಸೈಕಲ್ ಸವಾರರಿಗೆ ಏರು ಹತ್ತುವ ತಂತ್ರ ಕಲಿಸುತ್ತಾನಂತೆ. ಬಂದದ್ದು ಕಾರಿನಲ್ಲಿ. ತೊಟ್ಟದ್ದು ಮೈಗೆ ಬಣ್ಣ ಬಳಿದುಕೊಂಡಂಥ ಬಿಗಿಯಾದ ಬಟ್ಟೆ. ವಿಂಗಡಣೆ ಕೋಣೆಯಲ್ಲಿ ಬೆಂಚು ಹಾಕಿಸಿ, ಗೋಡೆಯ ಮೇಲೆ ಒಂದು ತ್ರಿಕೋನ ಬರೆದ ಹಾಳೆ ಅಂಟಿಸಿ, ಇದೇ ಏರು ಎಂದ. ಇಪ್ಪತ್ತಾರು ವರ್ಷ ನಾನು ಬೆವರು ಸುರಿಸಿದ ಏರು ಅವನ ಹಾಳೆಯಲ್ಲಿ ಮೂರು ಗೆರೆ.

"ಗೇರನ್ನ ಏರು ಶುರುವಾಗೋ ಮುಂಚೇನೇ ಹಗುರ ಮಾಡ್ಕೊಳ್ಳಿ," ಅಂದ. "ಏರಲ್ಲಿ ಸಿಕ್ಕಿಹಾಕಿಕೊಂಡ ಮೇಲೆ ಬದಲಾಯಿಸೋಕೆ ಹೋದ್ರೆ ಚೈನು ತೊಡರುತ್ತೆ. ಕೂತೇ ತುಳೀರಿ. ಎದ್ದು ನಿಲ್ಲೋದು ತೀರಾ ಕಡಿದಾದ ಕಡೆ, ಅದೂ ಹತ್ತು ಸುತ್ತು, ಅಷ್ಟೇ. ಬುಡದಲ್ಲಿ ಜೋರು ಮಾಡ್ಬೇಡಿ. ಅಲ್ಲಿ ಉಳಿಸಿದ್ದು ಮೇಲೆ ಬೇಕಾಗುತ್ತೆ. ಹ್ಯಾಂಡಲ್ ಬಿಗಿಯಾಗಿ ಹಿಡೀಬೇಡಿ, ಹಕ್ಕಿ ಮರಿ ಹಿಡಿದ ಹಾಗೆ ಹಿಡೀರಿ."

ನಾನು ಹಿಂದಿನ ಬೆಂಚಿನಿಂದ ಕೈ ಎತ್ತಿದೆ. "ಸಾರ್, ಇಲ್ಲಿಗೆ ಬರುವಾಗ ನಿಮ್ಮ ಕಾರನ್ನ ಯಾವ ಗೇರಲ್ಲಿ ಹಾಕಿದ್ರಿ?"

ಇಡೀ ಕೋಣೆ ಗೊಳ್ಳೆಂದಿತು. ಅವನ ಕಿವಿ ಕೆಂಪಾಯಿತು. ಆಮೇಲೆ ಅವನು ಏನು ಹೇಳಿದರೂ ಯಾರೋ ಒಬ್ಬರು ಕಾರಿನ ಸದ್ದು ಮಾಡುತ್ತಿದ್ದರು. ಮುಂದಿನ ಬೆಂಚಿನಲ್ಲಿ ಕೂತ ತಮ್ಮನ ಹೆಂಡತಿ ಮಾತ್ರ ತಲೆ ಎತ್ತದೆ ಒಂದು ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು.

"ಏನಮ್ಮ, ಅಡುಗೆ ಬರ್ಕೊಳ್ತಿದ್ದೀಯಾ?" ಎಂದೆ ಹೊರಗೆ ಬಂದ ಮೇಲೆ.

"ಸುಮ್ನೆ ಭಾವ. ಮರೆತುಹೋಗುತ್ತಲ್ಲ," ಎಂದಳು.

"ಪುಸ್ತಕ ಓದ್ಕೊಂಡು ಏರು ಹತ್ತಿದವರನ್ನ ನಾನಂತೂ ನೋಡಿಲ್ಲ. ಅದನ್ನ ಮಡಿಚಿ ಒಳಗಿಡು, ನಾನು ಹೇಳಿದ ಹಾಗೆ ಮಾಡು."

ನಾನು ಹೇಳಿದ್ದು ಇಷ್ಟು. ಗೇರು ಮುಟ್ಟಬೇಡ, ಭಾರದ ಗೇರಿನಲ್ಲೇ ಇರು. ಹಗುರ ಗೇರು ಮಕ್ಕಳಿಗೆ. ಬುಡದಿಂದಲೇ ಜೋರಾಗಿ ಹೊಡಿ. ಎದ್ದು ನಿಂತು ಮೈಭಾರವನ್ನೆಲ್ಲ ಪೆಡಲ್ ಮೇಲೆ ಹಾಕು. ಉಸಿರು ಬಂದರೆ ಬರುತ್ತದೆ, ಬಾರದಿದ್ದರೆ ಇಲ್ಲ. ನಾನು ಹತ್ತಿದ್ದು ಹೀಗೇ.

ಅವಳು ಹಾಗೇ ಮಾಡಿದಳು. ಬುಡದಲ್ಲಿ ಗುಂಡು ಹೊಡೆದ ಹಾಗೆ ಹೊರಟವಳು ನೀರಿನ ಟ್ಯಾಂಕಿನ ಗೋಡೆಯ ಹತ್ತಿರ ಬರುವಷ್ಟರಲ್ಲಿ ಬಾಯಿ ತೆರೆದುಕೊಂಡು ಗಾಳಿ ನುಂಗುತ್ತಿದ್ದಳು. ದರ್ಜಿಯ ಅಂಗಡಿ ಮುಟ್ಟುವ ಮೊದಲೇ ಕಾಲು ನೆಲಕ್ಕೆ. ಮೊದಲ ವಾರ ಒಂದು ಗೆರೆ, ಎರಡನೆಯ ವಾರ ಇನ್ನೊಂದು. ನಡುವಿನ ದಿನಗಳಲ್ಲಿ ಹೇಗೋ ಬಚಾವಾದಳು. ಹೇಗೆ ಎಂದು ನಾನು ಕೇಳಲಿಲ್ಲ, ನನ್ನ ಕಲಿಸುವಿಕೆಯಿಂದ ಅಂದುಕೊಂಡೆ.

ತಿಂಗಳ ಪರೀಕ್ಷೆಯಲ್ಲಿ ಹಿರಿಯರು ಹಿಂದೆ ಇರಬೇಕು, ಹೊಸಬರು ಸೈಕಲ್ಲಿನ ಮೇಲಿರುವವರೆಗೆ ಅವರನ್ನು ದಾಟಿ ಹೋಗಬಾರದು. ಹಾಗಾಗಿ ನಾನು ಹಿಂದೆ. ಹಿಂದೆ ಇದ್ದವನು ಬಾಯಿ ಮುಚ್ಚಿಕೊಂಡು ಇದ್ದೆನೇ? "ಏನಮ್ಮ, ಸೈಕಲ್ ನಡೆಸ್ತಿದ್ದೀಯೋ, ಸೈಕಲ್ಲಿಗೆ ಲಾಲಿ ಹಾಡ್ತಿದ್ದೀಯೋ?" "ಆ ಬೆಕ್ಕು ನಿನ್ನ ದಾಟಿ ಹೋಯ್ತು ನೋಡು, ಅದೂ ಕುಂಟು ಬೆಕ್ಕು." "ಹಿಟ್ಟು ರುಬ್ಬಿದ ಹಾಗೆ ತುಳಿದ್ರೆ ಏರು ಮೆತ್ತಗಾಗಲ್ಲ." ಮೂರು ವಾರ, ಬುಡದಿಂದ ತುದಿಯವರೆಗೆ, ದಿನಾ. ಸಂಜೆ ವಿಂಗಡಣೆ ಕೋಣೆಯಲ್ಲಿ ಇದೇ ಮಾತುಗಳನ್ನು ಮತ್ತೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಅವಳು ಅಲ್ಲೇ ಮೂಲೆಯಲ್ಲಿ ಕಾಗದಗಳನ್ನು ಬೀದಿವಾರು ಜೋಡಿಸುತ್ತಿದ್ದಳು. ಅವಳಿಗೆ ನೋವಾಗುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ. ನನಗೆ ಅದರಲ್ಲಿ ಒಂದು ಸುಖವಿತ್ತು.

ನಾಲ್ಕನೆಯ ವಾರದ ಒಂದು ಬೆಳಿಗ್ಗೆ ಅವಳ ಸೈಕಲ್ ನೋಡಿ ನನಗೆ ನಗು ಬಂತು. ಹಿಂದಿನ ಕ್ಯಾರಿಯರ್ ಮೇಲೆ ಗೋಪುರದ ಹಾಗೆ ಏರಿಸುತ್ತಿದ್ದ ಟಪಾಲನ್ನು ಎರಡು ಚೀಲ ಮಾಡಿ, ಚಕ್ರದ ಎರಡೂ ಬದಿಗೆ ತಗ್ಗಾಗಿ ಕಟ್ಟಿದ್ದಳು. ಸೀಟು ಎರಡು ಬೆರಳು ಎತ್ತರಿಸಿದ್ದಳು.

"ಏನಿದು, ಸೈಕಲ್ಲಿಗೆ ಹೊಟ್ಟೆ ಬಂದಿದೆ?" ಎಂದೆ.

ಅವಳು ಸೈಕಲ್ ಹತ್ತಿ ಹೊರಟಳು. ಏರು ಶುರುವಾಗುವುದಕ್ಕೆ ಮೊದಲಿನ ದೀಪದ ಕಂಬದ ಹತ್ತಿರ ಟಿಕ್ ಟಿಕ್ ಎಂದು ಸದ್ದಾಯಿತು. ಅವಳು ಗೇರು ಬದಲಾಯಿಸಿದಳು. ಚೈನು ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ ಏರಿತು. ಕಾಲು ಗಿರಗಿರ ತಿರುಗತೊಡಗಿತು, ಸೈಕಲ್ ಮಾತ್ರ ನಿಂತೇ ಇದೆಯೇನೋ ಅನ್ನುವಷ್ಟು ನಿಧಾನ. ಆ ತ್ರಿಕೋನದವನು ಹೇಳಿದ್ದನ್ನು ಒಂದೂ ಬಿಡದೆ ಮಾಡುತ್ತಿದ್ದಳು. ಕೂತೇ ತುಳಿತ, ಸಡಿಲಾದ ಮೊಣಕೈ, ಕಣ್ಣು ಏರಿನ ತುದಿಯ ಮೇಲಲ್ಲ, ಮುಂದಿನ ಹತ್ತು ಮೊಳದ ಮೇಲೆ. ಉಸಿರು ಕೂಡ ಕಾಲಿನ ಲೆಕ್ಕಕ್ಕೆ ಬರುತ್ತಿತ್ತು.

"ಕಾಲು ಅಷ್ಟು ತಿರುಗಿಸ್ತಿದ್ದೀಯಲ್ಲ, ಬೆಣ್ಣೆ ಬರುತ್ತಾ?" ಎಂದು ಕೂಗಿದೆ. ಟ್ಯಾಂಕಿನ ಗೋಡೆಯ ಹತ್ತಿರ ಇವಳ ಕಥೆ ಮುಗಿಯುತ್ತದೆ ಎಂದುಕೊಂಡು ಹಿಂದೆ ಹಿಂದೆಯೇ ಹೋದೆ. ಗೋಡೆ ಬಂತು, ಹೋಯಿತು. ಅವಳು ಇಳಿಯಲಿಲ್ಲ.

ಈಗ ನನ್ನ ಸೈಕಲ್ಲಿನ ವಿಷಯ ಹೇಳಬೇಕು. ಅದರ ಗೇರಿನ ತಂತಿ ತುಂಡಾಗಿ ಒಂಬತ್ತು ವರ್ಷ. ಚೈನು ಅತಿ ಚಿಕ್ಕ ಹಲ್ಲುಚಕ್ರದ ಮೇಲೆ, ಅಂದರೆ ಅತಿ ಭಾರದ ಗೇರಿನಲ್ಲಿ, ತುಕ್ಕು ಹಿಡಿದು ಕೂತಿದೆ. ಮೊದಲು ನಾಳೆ ಹಾಕಿಸಿದರಾಯಿತು ಎಂದೆ. ಆಮೇಲೆ ಯಾರೋ, "ಇವನು ಭಾರದ ಗೇರಲ್ಲೇ ಹತ್ತುತ್ತಾನಪ್ಪ" ಎಂದು ಹೊಗಳಿದರು. ಅವತ್ತಿನಿಂದ ಅದು ತುಂಡಾದ ತಂತಿಯಲ್ಲ, ನನ್ನ ಪದ್ಧತಿ. ಆ ಪದ್ಧತಿಯನ್ನೇ ನಾನು ಅವಳಿಗೆ ಕಲಿಸಿದ್ದು.

ಭಾರದ ಗೇರಿಗೆ ವೇಗ ಬೇಕು. ಒಂದೇ ಉಸಿರಿಗೆ ನುಗ್ಗಿದರೆ ಹತ್ತಬಹುದು, ನಿಧಾನ ಮಾಡಿದರೆ ಸೈಕಲ್ ನಿಂತೇ ಹೋಗುತ್ತದೆ. ಮುಂಚಿನ ದಿನಗಳಲ್ಲಿ ಅವಳೂ ನನ್ನ ಹಾಗೇ ನುಗ್ಗುತ್ತಿದ್ದಳು, ದಣಿದಾಗ ಒಂದೋ ಇಳಿಯುತ್ತಿದ್ದಳು, ಇಲ್ಲವೇ ಎದ್ದು ನಿಂತು ಹೆಣಗುತ್ತಿದ್ದಳು, ನನಗೆ ಸಾಗುತ್ತಿತ್ತು. ಇವತ್ತು ಅವಳ ಹಿಂದೆ ಅವಳದೇ ವೇಗದಲ್ಲಿ ಹೋಗಬೇಕಾಯಿತು. ಎದ್ದು ನಿಂತೆ. ಹ್ಯಾಂಡಲ್ ಆ ಕಡೆ ಈ ಕಡೆ ಹೊಯ್ದಾಡಿತು. ಮಂಡಿಯೊಳಗೆ ಏನೋ ಚುಚ್ಚಿತು. ದಾಟಿ ಹೋಗೋಣವೆಂದರೆ ನಿಯಮ. ನಿಯಮ ಹಾಳಾಗಲಿ, ದಾಟಲು ಕಾಲಿನಲ್ಲಿ ಕಸುವೇ ಉಳಿದಿರಲಿಲ್ಲ. ಅವಳು ದರ್ಜಿಯ ಅಂಗಡಿ ದಾಟಿ ತಿರುವಿನಲ್ಲಿ ಮರೆಯಾದಳು. ಅದೇ ಅಂಗಡಿಯ ಮುಂದೆ ನನ್ನ ಪೆಡಲ್ ನಿಂತಿತು. ಕಾಲು ಕೆಳಗಿಟ್ಟೆ.

ಹದಿನೈದು ಹೆಜ್ಜೆ ತಳ್ಳಿದೆ, ಅಷ್ಟೇ. ತಿರುವಿನಾಚೆ ಏರು ಸ್ವಲ್ಪ ಮೆತ್ತಗಾಗುತ್ತದೆ, ಅಲ್ಲಿ ಮತ್ತೆ ಹತ್ತಿದೆ. ಹಿಂದೆ ಮುಂದೆ ನೋಡಿದೆ, ರಸ್ತೆ ಖಾಲಿ. ತುದಿಯಲ್ಲಿ ಅವಳು ನೀರು ಕುಡಿಯುತ್ತಾ ನಿಂತಿದ್ದಳು. ನನ್ನ ಮುಖ ನೋಡಿದಳು, ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಇಬ್ಬರೂ ನಮ್ಮ ನಮ್ಮ ಬೀದಿಗೆ ಹೋದೆವು.

ಮಧ್ಯಾಹ್ನ ಕಚೇರಿಗೆ ಮರಳಿದಾಗ ಅವಳ ಹೆಸರಿನ ಮುಂದೆ ಮೂರನೆಯ ಗೆರೆ ಬಿದ್ದಿತ್ತು.

ನಮ್ಮ ಮೇಲ್ವಿಚಾರಕಿಯನ್ನು ಗಡಿಯಾರದಮ್ಮ ಎನ್ನುತ್ತೇವೆ, ಹೊತ್ತಿನ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟು. ಕೆಟ್ಟವಳಲ್ಲ. ಆದರೆ ನಿಯಮವೆಂದರೆ ನಿಯಮ. ಮೇಜಿನ ಮೇಲೆ ಕಾಗದ ಬರೆದು ಇಟ್ಟಿದ್ದಳು, ನಾಳೆಯಿಂದ ಬರಬೇಕಾಗಿಲ್ಲ ಎಂದು.

"ದರ್ಜಿ ಫೋನ್ ಮಾಡಿದ್ದ," ಎಂದಳು. "ಯಂತ್ರಕ್ಕೆ ದಾರ ಪೋಣಿಸಿ ತಲೆ ಎತ್ತಿದಾಗ ನೀಲಿ ಅಂಗಿ ಒಂದು ಸೈಕಲ್ ತಳ್ಕೊಂಡು ತಿರುವಿಗೆ ಹೋಗ್ತಿತ್ತಂತೆ. ಬೆನ್ನಷ್ಟೇ ಕಂಡಿದ್ದು, ಆದ್ರೂ ನಿಮ್ಮ ಹೊಸ ಹುಡುಗಿಯೇ ಅಂದ. ನನಗೂ ಬೇಜಾರಮ್ಮ."

"ನಾನು ಇಳೀಲಿಲ್ಲ ಮೇಡಂ," ಎಂದಳು ತಮ್ಮನ ಹೆಂಡತಿ. ದನಿ ಏರಲಿಲ್ಲ. ಆಮೇಲೆ ತಿರುಗಿ ನನ್ನ ಕಡೆ ನೋಡಿದಳು. ಅಷ್ಟೇ, ನೋಡಿದಳು.

ನಾನು ತಕ್ಷಣ ಬಾಯಿ ಬಿಟ್ಟೆ ಎಂದು ಹೇಳಿಕೊಳ್ಳಲು ಆಸೆಯಿದೆ. ಬಿಡಲಿಲ್ಲ. ಹಲಗೆಯ ಮೇಲೆ ನನ್ನ ಹೆಸರು ನೋಡಿದೆ. ಅದರ ಮುಂದಿನ ಜಾಗ ಎಷ್ಟು ಶುಭ್ರವಾಗಿತ್ತು. ಹಾಸಿಗೆಯಲ್ಲಿ ಗೋಡೆ ನೋಡುತ್ತಾ ಮಲಗಿದ ತಮ್ಮನನ್ನು ನೆನೆದೆ. ಆದರೂ, ಸತ್ಯ ಹೇಳಬೇಕೆಂದರೆ, ಮೊದಲು ನೆನೆದದ್ದು ಮೀಸೆ ಹೇಗೆ ನಗುತ್ತಾನೆ ಎಂದು. ಥೂ, ಎಂಥ ಮನುಷ್ಯ ನಾನು. ತಮ್ಮನ ಹೆಂಡತಿ ಆ ಕಾಗದಕ್ಕೆ ಕೈ ಚಾಚಿದ ಮೇಲೆ ಬಾಯಿ ಬಿಟ್ಟೆ.

"ಮೇಡಂ, ಇಳಿದದ್ದು ನಾನು."

ಮೀಸೆ ನಗಲು ಶುರು ಮಾಡಿದ. ಉಳಿದವರೂ ನಕ್ಕರು. ನಾನು ಹೆದರಿದ್ದ ನಗುವಲ್ಲ ಅದು, ಅದಕ್ಕಿಂತ ಕೆಟ್ಟದ್ದು. ಮೆಚ್ಚುಗೆಯ ನಗು.

"ಬಿಡಣ್ಣ," ಎಂದ ಮೀಸೆ. "ತಮ್ಮನ ಸಂಸಾರ, ಕರುಳು ಚುರುಕ್ ಅನ್ನುತ್ತೆ. ನಮಗೂ ಅರ್ಥ ಆಗುತ್ತೆ. ಆದ್ರೆ ಸುಳ್ಳು ಹೇಳಿದ್ರೂ ನಂಬೋ ಹಾಗೆ ಹೇಳ್ಬೇಕು."

"ಸುಳ್ಳಲ್ಲಯ್ಯ. ದರ್ಜಿ ಅಂಗಡಿ ಮುಂದೆ ಇಳಿದೆ. ಹದಿನೈದು ಹೆಜ್ಜೆ ತಳ್ಳಿದೆ."

"ಇಪ್ಪತ್ತಾರು ವರ್ಷದಿಂದ ನಮ್ಮ ತಲೆ ತಿಂದಿದ್ದೀಯಲ್ಲ, ಸತ್ತರೂ ಇಳಿಯಲ್ಲ ಅಂತ. ಈಗ ಇಳಿದೆ ಅಂದ್ರೆ?"

ಗೇರಿನ ತಂತಿಯ ವಿಷಯ ಹೇಳಿದೆ. ಇನ್ನೂ ಜೋರಾಗಿ ನಕ್ಕರು, ಎಂಥ ಕಥೆ ಕಟ್ಟುತ್ತಾನೆ ಎಂದು. ಗಡಿಯಾರದಮ್ಮ ಮಾತ್ರ ನಗಲಿಲ್ಲ. "ನಿಮ್ಮ ಒಳ್ಳೆ ಮನಸ್ಸು ಗೊತ್ತಾಯ್ತು," ಎಂದಳು. ನನಗೆ ಒಳ್ಳೆಯ ಮನಸ್ಸಿದೆ ಎಂದು ಆ ಕಚೇರಿಯಲ್ಲಿ ಯಾರಾದರೂ ಹೇಳಿದ್ದು ಅದೇ ಮೊದಲು. ಅದೂ ತಪ್ಪು ಕಾರಣಕ್ಕೆ. ನಾನು ಕೊಚ್ಚಿಕೊಂಡ ಬಡಾಯಿಯೆಲ್ಲ ಸೇರಿ ಅವಳ ಅನ್ನಕ್ಕೆ ಕಲ್ಲು ಹಾಕುತ್ತಿತ್ತು, ನಾನು ನಿಂತು ನೋಡುತ್ತಿದ್ದೆ.

"ಮೇಡಂ," ಎಂದಳು ತಮ್ಮನ ಹೆಂಡತಿ. "ಇನ್ನೊಂದು ಸಲ ಹತ್ತುತ್ತೀನಿ. ಈಗಲೇ. ಬೆಳಿಗ್ಗೆ ಎಷ್ಟು ಭಾರ ಇತ್ತೋ ಅಷ್ಟೇ ತುಂಬಿಸಿ. ಇಳಿದ್ರೆ ಕಾಗದ ತಗೊಂಡು ಹೋಗ್ತೀನಿ."

ಗಡಿಯಾರದಮ್ಮ ಗೋಡೆ ಗಡಿಯಾರ ನೋಡಿದಳು, ದರ್ಜಿಗೆ ಫೋನು ಮಾಡಿ ಕಿಟಕಿ ಬಿಟ್ಟು ಏಳಬೇಡ ಎಂದಳು. ಬಿಸಿಲು ನೆತ್ತಿಯ ಮೇಲಿತ್ತು. ತಮ್ಮನ ಹೆಂಡತಿ ಬೆಳಗಿನಿಂದ ಎಡಗಡೆಯ ಬೀದಿಗಳನ್ನೆಲ್ಲ ಸುತ್ತಿ ಬಂದಿದ್ದಳು. ಹಳೆಯ ಪತ್ರಿಕೆಗಳ ಕಟ್ಟು ತೂಗಿ ಎರಡು ಚೀಲಕ್ಕೂ ಸಮನಾಗಿ ತುಂಬಿದಳು. ಚಕ್ರದ ಗಾಳಿ ಒತ್ತಿ ನೋಡಿದಳು. ನಾನು ನನ್ನ ಸೈಕಲ್ ತೆಗೆಯಲು ಹೋದೆ.

"ನೀವು ಮಾತ್ರ ಹಿಂದೆ ಬರಬೇಡಿ ಭಾವ," ಎಂದಳು.

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಗೇಟಿನ ಹತ್ತಿರ ನಿಂತೆ. ದೀಪದ ಕಂಬದ ಬಳಿ ಅವಳು ಗೇರು ಬದಲಾಯಿಸಿ ಏರಿಗೆ ತಿರುಗಿದ್ದು ಕಂಡಿತು. ನನ್ನ ಸುತ್ತ ನಿಂತವರು ಶುರು ಹಚ್ಚಿಕೊಂಡರು. "ಲಾಲಿ ಹಾಡ್ತಿದ್ದಾಳೆ ನೋಡು." "ಬೆಣ್ಣೆ ಬರುತ್ತಾ ಅಂತ ಕೇಳ್ರೋ." "ಕುಂಟು ಬೆಕ್ಕು ಎಲ್ಲಿ?" ಎಲ್ಲವೂ ನಾನೇ ಕಲಿಸಿದ್ದು. ನನ್ನ ಬಾಯಿಯಲ್ಲಿ ಎಷ್ಟು ಚೆನ್ನಾಗಿದ್ದ ಮಾತುಗಳು ಅವರ ಬಾಯಿಯಲ್ಲಿ ಹೊಲಸಾಗಿ ಕೇಳಿಸಿದವು. ಬಾಯಿ ಮುಚ್ಚಿ ಎಂದು ಗದರಿದೆ. ನನ್ನನ್ನು ಹುಚ್ಚನ ಹಾಗೆ ನೋಡಿದರು. ಅಷ್ಟರಲ್ಲಿ ಅವಳು ಟ್ಯಾಂಕಿನ ಗೋಡೆಯಾಚೆ ಹೋಗಿದ್ದಳು, ಇಲ್ಲಿಂದ ಕಾಣುವುದು ಅಲ್ಲಿಯವರೆಗೆ ಮಾತ್ರ.

ಫೋನು ಬರಲು ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ನಾನು ಒಳಗೆ ಬಂದು ಕಿಟಕಿಯ ಸರಳು ಹಿಡಿದು ನಿಂತಿದ್ದೆ. ಗಡಿಯಾರದಮ್ಮ ಫೋನು ಕಿವಿಗಿಟ್ಟು ಹೂಂ, ಹೂಂ ಎಂದಳು. ಇಟ್ಟ ಮೇಲೆ ಹೇಳಿದಳು. "ಇಳಿದಿಲ್ಲ. ತಿರುವಲ್ಲಿ ಎದ್ದು ನಿಂತಳಂತೆ, ಹತ್ತು ಸುತ್ತು ತುಳಿದು ಮತ್ತೆ ಕೂತಳಂತೆ. ದರ್ಜಿ ಬೀದಿಗೇ ಬಂದು ಅವಳು ತುದಿ ಮುಟ್ಟೋವರೆಗೂ ನೋಡಿದ್ದಾನೆ."

ಗಡಿಯಾರದಮ್ಮನೇ ಎದ್ದು ಮೂರನೆಯ ಗೆರೆ ಒರೆಸಿದಳು, ಕಾಗದ ಹರಿದು ಬುಟ್ಟಿಗೆ ಹಾಕಿದಳು. "ಬೆಳಿಗ್ಗೆ ದರ್ಜಿಗೆ ಕಣ್ಣು ಮಂಜಾಗಿತ್ತೇನೋ," ಎಂದು ಕೂತಳು. ಎಲ್ಲರೂ ಒಪ್ಪಿಕೊಂಡರು. ಮುಗಿಯಿತಲ್ಲ. ನಾನು ಸುಮ್ಮನಿದ್ದಿದ್ದರೆ ನನ್ನ ಹೆಸರು ಈಗಲೂ ಶುಭ್ರವಾಗಿರುತ್ತಿತ್ತು.

ಸೀಮೆಸುಣ್ಣ ತೆಗೆದುಕೊಂಡು ನನ್ನ ಹೆಸರಿನ ಮುಂದೆ ಗೆರೆ ಎಳೆದೆ. ಮೀಸೆ ಬಂದು ನಗುತ್ತಾ ಒರೆಸಿದ. "ಸಾಕು ಬಿಡಣ್ಣ ನಾಟಕ, ಕೆಲಸ ಉಳೀತಲ್ಲ." ಮತ್ತೆ ಎಳೆದೆ. ಮತ್ತೆ ಒರೆಸಿದ. ಹನ್ನೊಂದು ಗೆರೆಯ ಮನುಷ್ಯ ನನ್ನ ಮಾನ ಕಾಯುತ್ತಿದ್ದ.

ಆಗ ಅವಳು ಒಳಗೆ ಬಂದಳು. ಅಂಗಿ ಬೆನ್ನಿಗೆ ಅಂಟಿತ್ತು, ಮುಖ ಕೆಂಡವಾಗಿತ್ತು. ಹಲಗೆ ನೋಡಿ, ಮೀಸೆಯ ಕೈಯಲ್ಲಿದ್ದ ಬಟ್ಟೆ ನೋಡಿ, "ಅದನ್ನ ಯಾಕೆ ಅಳಿಸ್ತಿದ್ದೀರಿ?" ಎಂದಳು. "ಭಾವ ಇಳಿದದ್ದು ನಿಜ."

"ನೀನು ನೋಡಿದ್ಯಾ?" ಎಂದ ಮೀಸೆ.

"ತಿರುಗಿ ನೋಡ್ಲಿಲ್ಲ."

"ಮತ್ತೆ ಹೇಗೆ ಗೊತ್ತು? ಗೊತ್ತಿದ್ರೆ ಆಗಲೇ ಯಾಕೆ ಹೇಳ್ಲಿಲ್ಲ?"

"ಇಳಿದವರು ಅವರು. ಹೇಳ್ಬೇಕಾದವರೂ ಅವರೇ." ಅವಳು ಚೀಲಗಳನ್ನು ಕೊಕ್ಕೆಗೆ ಹಾಕಿದಳು. "ಮೂರು ವಾರದಿಂದ ನನ್ನ ಬೆನ್ನ ಹಿಂದೆ ಇವರ ಬಾಯಿ ಒಂದು ದಿನ, ಒಂದು ಗಳಿಗೆ ನಿಂತಿಲ್ಲ. ಇವತ್ತು ದರ್ಜಿ ಅಂಗಡಿ ದಾಟಿದ ಮೇಲೆ ನಿಂತೋಯ್ತು. ತುದಿ ಮುಟ್ಟೋವರೆಗೂ ಒಂದು ಮಾತಿಲ್ಲ."

ಕೋಣೆಯಲ್ಲಿ ಯಾರೂ ನಗಲಿಲ್ಲ. ನಾನು ಬಾಯಿಬಿಟ್ಟು ಹೇಳಿದಾಗ ನಂಬದವರು, ಕೈಯಾರೆ ಬರೆದಾಗ ನಂಬದವರು, ಇದನ್ನು ಕೇಳಿದ ಕೂಡಲೇ ನಂಬಿದರು. ಒಬ್ಬೊಬ್ಬರ ಮುಖದಲ್ಲೂ ಅದು ಕಾಣುತ್ತಿತ್ತು. ಮೀಸೆ ಒರೆಸುವ ಬಟ್ಟೆಯನ್ನು ಮೇಜಿನ ಮೇಲಿಟ್ಟು, ನೆಲಕ್ಕೆ ಬಿದ್ದಿದ್ದ ಸೀಮೆಸುಣ್ಣ ಹೆಕ್ಕಿ ನನ್ನ ಕೈಗೆ ಕೊಟ್ಟ.